ವೀಳ್ಯವನ್ನು ಅವರ ಮನೆಗೇ ಹೋಗಿ ಕೊಡಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲದ ಪತ್ರಗಳಲ್ಲಿ ನಾಲ್ಕು ಹಾಡು, ವಾದ್ಯದ ಸುತ್ತಲೇ ಇವೆ. ಹೆಸರು ಹಾಕಬೇಡಿ ಎಂದು ಬರೆದವರೇ ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಹಾಕಿದ್ದೇನೆ. ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ ಇಷ್ಟು: ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು, ವಾಸ ಹಾಸನದಲ್ಲೇ.

ಪ್ರಶ್ನೆ: ಟೀಚರ್, ನಮಸ್ಕಾರ. ಹಾಸನದ ರಿಂಗ್ ರಸ್ತೆ ಆಚೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಅರವತ್ತು ಮನೆಗಳಿದ್ದರೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ಗಣಪತಿ ಕೂರಿಸಿದಾಗ ಬೆಂಗಳೂರಿನಿಂದ ಆರ್ಕೆಸ್ಟ್ರಾ ಕರೆಸುತ್ತೇವೆ. ಚಂದಾದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಅದು ಮುಗಿದ ಮರುದಿನದಿಂದ ಮತ್ತೆ ಎಲ್ಲರ ಗೇಟೂ ಮುಚ್ಚಿರುತ್ತದೆ. ಹಿಂದಿನ ಕ್ರಾಸ್‌ನಲ್ಲಿ ನಾಗಸ್ವರ ನುಡಿಸುವ ಕುಟುಂಬವೊಂದಿದೆ ಎಂದು ಮೊನ್ನೆ ಗೊತ್ತಾಯಿತು. ಇಂಥವರಿಂದ ಬಡಾವಣೆಯಲ್ಲೇ ಏನಾದರೂ ಮಾಡಿಸೋಣ ಎಂದರೆ ಸಮಿತಿಯವರು, ‘ಲೋಕಲ್‌ನವರ ಕಚೇರಿಗೆ ಯಾರು ಬರ್ತಾರೆ’ ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ: ನಿಮ್ಮ ಸಮಿತಿಯವರ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಲೋಕಲ್‌ನವರ ಕಚೇರಿಗೆ ಲೋಕಲ್‌ನವರೇ ಬರುತ್ತಾರೆ. ಹಾಡುವವಳು ಮೂರನೇ ಮನೆಯ ಹುಡುಗಿ ಎಂದಾದರೆ ಅವಳ ಅಜ್ಜಿ ಬರುತ್ತಾರೆ, ಟ್ಯೂಷನ್‌ನ ಗೆಳತಿಯರು ಬರುತ್ತಾರೆ, ಅವರ ಮನೆಗೆ ಹಾಲು ಹಾಕುವವರೂ ಒಂದು ಗಳಿಗೆ ನಿಂತು ಕೇಳುತ್ತಾರೆ. ಆರ್ಕೆಸ್ಟ್ರಾಕ್ಕೆ ಬಂದವರು ಹಾಡು ಕೇಳಿ ಮನೆಗೆ ಹೋಗುತ್ತಾರೆ, ಅಲ್ಲಿಗೆ ಅದು ಮುಗಿಯಿತು. ಈ ಹುಡುಗಿಯ ಹಾಡು ಕೇಳಿದವರು ಮರುದಿನ ಅವಳನ್ನು ರಸ್ತೆಯಲ್ಲಿ ಕಂಡಾಗ ನಿಂತು ಮಾತಾಡಿಸದೆ ಇರಲಾರರು. ನಿಮಗೆ ಬೇಕಾಗಿರುವುದು ಆ ಮಾತು ತಾನೆ?

ಮೊದಲು ಒಂದು ನೋಟ್‌ಬುಕ್ ಹಿಡಿದು ಬಡಾವಣೆ ಸುತ್ತಿ. ಯಾರ ಮನೆಯಲ್ಲಿ ಯಾರಿಗೆ ಏನು ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಮ್ಮ ಬೀದಿಯಲ್ಲಿ ಹಾಗೆ ಸುತ್ತಿದಾಗ ನನಗೆ ಸಿಕ್ಕವರನ್ನು ಹೇಳುತ್ತೇನೆ. ನಾನು ವರ್ಷಗಟ್ಟಲೆ ಬಟ್ಟೆ ಹೊಲಿಸಿದ ಟೈಲರ್, ಹೊಳೆನರಸೀಪುರದ ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರು. ಭೀಮನಿಗೂ ದುರ್ಯೋಧನನಿಗೂ ಕಂದ, ವೃತ್ತ ಕಲಿಸಿ ಬೆಳಗಿನ ಜಾವದವರೆಗೂ ಬೆಲ್ಲೋಸ್ ಒತ್ತಿ, ಬೆಳಿಗ್ಗೆ ಬಂದು ಅಂಗಡಿ ಬಾಗಿಲು ತೆಗೆಯುವವರು. ಮೂಲೆ ಮನೆಯ ಬಸ್ ಕಂಡಕ್ಟರ್ ರಜೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ, ಸೀನಿಯರ್ ಪರೀಕ್ಷೆಗೆ ಪಿಟೀಲು ಅಭ್ಯಾಸ ಮಾಡುವ ಹುಡುಗಿಯೊಬ್ಬಳು, ಮದುವೆ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿಯೋನೆಟ್ ಊದುವವರೊಬ್ಬರು. ಮೊಮ್ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಒಂಟಿಯಾಗಿರುವ ಅಜ್ಜಿಯೊಬ್ಬರಿಗೆ ಸೋಬಾನೆ ಪದಗಳು ಬಾಯಿಗೆ ಬಂದಷ್ಟೂ ಮುಗಿಯುವುದಿಲ್ಲ. ಇವರಲ್ಲಿ ಒಬ್ಬರಿಗೂ ಇನ್ನೊಬ್ಬರ ವಿದ್ಯೆ ತಿಳಿದಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಒಂದು ಹಳ್ಳಿ. ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಅಲ್ಲಿ 1920ರಲ್ಲಿ ಹುಟ್ಟಿದರು. ತ್ಯಾಗರಾಜನ್, ತಾರಾನಾಥನ್ ಅವರನ್ನು ಸಂಗೀತಲೋಕ ಕರೆದದ್ದೇ ರುದ್ರಪಟ್ಟಣ ಸಹೋದರರು ಎಂದು. ಆರ್.ಕೆ. ಪದ್ಮನಾಭ ಅವರೂ ಅದೇ ಊರಿನವರು. ಒಂದು ಹಳ್ಳಿಯಿಂದ ಇಷ್ಟು ವಿದ್ವಾಂಸರು ಬಂದದ್ದು ಹೊಳೆ ನೀರಿನ ಗುಣ ಎನ್ನುವವರಿದ್ದಾರೆ. ನನಗನಿಸುವುದೇ ಬೇರೆ. ಪಕ್ಕದ ಮನೆಯ ಸರಳೆ ವರಸೆ, ಎದುರು ಮನೆಯ ವರ್ಣ ಕೇಳಿಕೊಂಡು ಬೆಳೆಯುವ ಮಗುವಿಗೆ ಹಾಡುವುದು ನೀರು ಸೇದುವಷ್ಟೇ ಸಹಜವಾದ ಕೆಲಸ. ಆ ವಿದ್ವಾಂಸರಲ್ಲಿ ಹೆಚ್ಚಿನವರು ಕಚೇರಿ, ನೌಕರಿ ಎಂದು ಮೈಸೂರು, ಬೆಂಗಳೂರು ಸೇರಿದರು. ಹಳ್ಳಿಯಲ್ಲಿ ಸಂಗೀತ ಉಳಿಸಿಕೊಳ್ಳಲು ಪದ್ಮನಾಭ ಅವರು ಮುತುವರ್ಜಿ ವಹಿಸಿ ಸಪ್ತಸ್ವರ ದೇವತೆಗಳ ಧ್ಯಾನಮಂದಿರವನ್ನು ತಂಬೂರಿಯ ಆಕಾರದಲ್ಲೇ ಕಟ್ಟಿಸಬೇಕಾಯಿತು, ಸಂಗೀತೋತ್ಸವ ಶುರುಮಾಡಬೇಕಾಯಿತು. ಹಾಡುವವರನ್ನು ಹೊರಗೆ ಕಳಿಸಿಕೊಟ್ಟ ಮೇಲೆ ಸಂಗೀತವನ್ನು ಮರಳಿ ಕರೆತರುವುದು ಎಷ್ಟು ದೊಡ್ಡ ಕೆಲಸ ನೋಡಿ. ಇರುವವರನ್ನು ಇರುವಲ್ಲೇ ನೋಡಿಕೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭ.

ಬೀದಿಯಲ್ಲಿ ಕಚೇರಿಯೇ ಎಂದು ಯಾರಾದರೂ ಮೂಗು ಮುರಿದರೆ ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ತೋರಿಸಿ. 1962ರಲ್ಲಿ ಆರಂಭವಾದ ಅಲ್ಲಿನ ಗಣಪತಿ ಉತ್ಸವದಲ್ಲಿ ರಸ್ತೆಗೇ ಪೆಂಡಾಲ್ ಹಾಕಿ, ದೇಶದ ದೊಡ್ಡ ದೊಡ್ಡ ವಿದ್ವಾಂಸರನ್ನು ಕೂರಿಸಿ ಹಾಡಿಸಿದ್ದಾರೆ. ಒಂದು ಕ್ರಾಸ್ ರಸ್ತೆಯ ಜನ ಅದನ್ನು ಕಟ್ಟಿಕೊಂಡರು.

ಇನ್ನು ಕಾಲದ ವಿಚಾರ. ಇದನ್ನು ನೀವು ತಪ್ಪದೆ ಗಮನಿಸಬೇಕು. ಓಲಗದವರಿಗೂ ಬ್ಯಾಂಡ್‌ನವರಿಗೂ ಆಷಾಢ ಬಂತೆಂದರೆ ದುಡಿಮೆ ನಿಂತಿತು, ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಧನುರ್ಮಾಸದಲ್ಲೂ ಅದೇ ಪಾಡು. ಗಣಪತಿ ಹಬ್ಬದಲ್ಲಿ ನೀವು ಕರೆಯದಿದ್ದರೆ ಇನ್ನೊಬ್ಬರು ಕರೆಯುತ್ತಾರೆ. ಆಷಾಢದಲ್ಲಿ ಯಾರೂ ಕರೆಯುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಕಾರ್ಯಕ್ರಮವನ್ನು ಆಷಾಢದಲ್ಲಿ ಇಡಿ. ನಮ್ಮ ಊರಿನ ಸೋನೆಮಳೆಗೆ ಪೆಂಡಾಲ್ ಉಳಿಯುವುದಿಲ್ಲ, ದೊಡ್ಡ ಪೋರ್ಟಿಕೋ ಇರುವ ಮನೆ ಹುಡುಕಿ, ಕಾರು ಹೊರಗೆ ನಿಲ್ಲಿಸಿ, ಜಮಖಾನ ಹಾಸಿದರೆ ಆಯಿತು. ಆ ಕಾರ್ಯಕ್ರಮವನ್ನು ಆ ನಾಗಸ್ವರದ ಕುಟುಂಬಕ್ಕೇ ಕೊಡಿ. ನಾಗಸ್ವರಕ್ಕೆ ಮೈಕ್ ಬೇಡ.

ಕರೆಯುವ ರೀತಿಯ ಬಗ್ಗೆ ಒಂದು ಮಾತು. ಫೋನಿನಲ್ಲಿ ‘ಭಾನುವಾರ ಬಂದ್ಬಿಡಿ’ ಎನ್ನಬೇಡಿ. ನೀವು, ಅಧ್ಯಕ್ಷರು, ಸಾಧ್ಯವಾದರೆ ಇಬ್ಬರು ಹೆಂಗಸರು ಅವರ ಮನೆಗೆ ಹೋಗಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಮುಂಗಡ ಇಟ್ಟು ಕೊಡಿ. ನಮ್ಮ ಹಿರಿಯರು ಓಲಗ ಕರೆಯಲು ವೀಳ್ಯ ಕೊಟ್ಟೇ ಬರುತ್ತಿದ್ದರು. ವೀಳ್ಯ ಹಿಡಿದ ಮೇಲೆ ಎರಡೂ ಕಡೆಯವರೂ ಮಾತಿಗೆ ಕಟ್ಟುಬಿದ್ದಂತೆ. ಸಂಭಾವನೆ ಎಷ್ಟು ಎಂದು ಅಲ್ಲೇ, ಬಾಯಿಬಿಟ್ಟು ಮಾತಾಡಿ. ಉಳಿದ ದುಡ್ಡನ್ನು ಅದೇ ಸಂಜೆ, ಅವರು ವಾದ್ಯವನ್ನು ಚೀಲಕ್ಕೆ ಹಾಕುವ ಮೊದಲು ಕೈಗೆ ಕೊಡಿ. ನಾಳೆ ಕಳಿಸುತ್ತೇವೆ ಎನ್ನುವುದನ್ನು ನಾನು ಎಲ್ಲಿ ಕೇಳಿದರೂ ಅಲ್ಲೇ ಎದ್ದು ನಿಂತು ವಿರೋಧಿಸುತ್ತೇನೆ.

ದುಡ್ಡು ಎಲ್ಲಿಂದ ಎನ್ನುತ್ತೀರಿ. ಮನೆಗೆ ತಿಂಗಳಿಗೆ ನೂರು ರೂಪಾಯಿಯಂತೆ ಅರವತ್ತು ಮನೆಗೆ 6,000. ಇಬ್ಬರು ನಾಗಸ್ವರ, ಇಬ್ಬರು ಡೋಲು, ತಲಾ 1,200ರಂತೆ 4,800 ಆಯಿತು. ಉಳಿದದ್ದು ಕಾಫಿ, ಬೋಂಡಾಕ್ಕೆ. ಎಲ್ಲ ಮನೆಯವರೂ ಕೊಡುವುದಿಲ್ಲ, ಗೊತ್ತು. ಮೂವತ್ತು ಮನೆ ಕೊಟ್ಟರೆ ಎರಡು ತಿಂಗಳಿಗೊಮ್ಮೆ ಮಾಡಿ, ಆದರೆ ಸಂಭಾವನೆಗೆ ಕೈ ಹಾಕಬೇಡಿ. ಕೊಡದವರನ್ನೂ ಅಷ್ಟೇ ಪ್ರೀತಿಯಿಂದ ಕರೆಯಿರಿ. ದಾನಿಗಳ ಪಟ್ಟಿ ಬರೆದು ಬೋರ್ಡ್ ನೇತುಹಾಕಿದರೆ ಬಾರದವರು ಇನ್ನೂ ದೂರವಾಗುತ್ತಾರೆ.

ಏನು ನುಡಿಸಬೇಕು ಎಂಬುದನ್ನು ಅವರಿಗೇ ಬಿಡಿ. ಮದುವೆ ಮನೆಯಲ್ಲಿ ಅವರಿಗೆ ನಾವು ಏನು ಮಾಡುತ್ತೇವೆ ನೋಡಿ. ಅವರು ಒಂದು ತೋಡಿಯನ್ನೋ ಕಲ್ಯಾಣಿಯನ್ನೋ ಎತ್ತಿಕೊಂಡು ಮೆಲ್ಲಗೆ ಬಿಡಿಸುತ್ತಿರುವಾಗ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈ ಬೀಸುತ್ತೇವೆ. ತಾಳಿ ಕಟ್ಟಿ ಆದ ಮೇಲೆ ಸಿನಿಮಾ ಹಾಡು ಕೇಳುತ್ತೇವೆ. ಗುರುಗಳ ಹತ್ತಿರ ವರ್ಷಾನುಗಟ್ಟಲೆ ಕಲಿತ ಆಲಾಪನೆ ಹಾಗೇ ಗಂಟಲಲ್ಲಿ ಉಳಿದುಬಿಡುತ್ತದೆ. ನಮ್ಮ ಬೀದಿಗೆ ಬಂದ ಹಿರಿಯ ನಾಗಸ್ವರದವರಿಗೆ, ‘ಯಜಮಾನರೇ, ನಿಮಗೆ ಇಷ್ಟವಾದದ್ದನ್ನ ನಿಮಗೆ ಸಾಕು ಅನ್ನೋವರೆಗೆ ನುಡಿಸಿ’ ಎಂದೆ. ಷಣ್ಮುಖಪ್ರಿಯ ರಾಗ ಹಿಡಿದರು. ಅರ್ಧ ಗಂಟೆಗೂ ಮೀರಿ ಆಲಾಪನೆಯಲ್ಲೇ ಇದ್ದರು, ಡೋಲಿನವರು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ತಲೆದೂಗುತ್ತಿದ್ದರು. ಮುಗಿದ ಮೇಲೆ ಅವರು ನನಗೆ ಹೇಳಿದ್ದು ಒಂದೇ ಮಾತು: ‘ಯಾರೂ ಊಟಕ್ಕೆ ಅಂತ ಎದ್ದು ಹೋಗ್ಲಿಲ್ಲ ಟೀಚರಮ್ಮ.’

ಭಾಷಣ ಬೇಡ. ಗಣ್ಯರನ್ನು ಕರೆದು ಹಾರ ಹಾಕುವುದು ಬೇಡವೇ ಬೇಡ, ಅದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ನುಡಿಸುವವರ ಹೆಸರು, ಅವರು ಯಾವ ಕ್ರಾಸ್‌ನವರು, ಯಾರ ಹತ್ತಿರ ಕಲಿತರು, ಇಷ್ಟು ಹೇಳಿ ಕುಳಿತುಬಿಡಿ. ಸಂಜೆ ಆರೂವರೆಗೆ ಶುರುಮಾಡಿ ಎಂಟಕ್ಕೆ ಮುಗಿಸಿ. ಮುಗಿದ ಕೂಡಲೇ ಜಮಖಾನ ಮಡಿಸಬೇಡಿ. ಕಾಫಿ ಲೋಟ ಹಿಡಿದು ಜನ ನಿಲ್ಲುವ ಆ ಅರ್ಧ ಗಂಟೆಗಾಗಿಯೇ ನೀವು ಇದನ್ನೆಲ್ಲ ಮಾಡುತ್ತಿರುವುದು. ನಮ್ಮಲ್ಲಿ ಆ ಹೊತ್ತಿನಲ್ಲೇ ಟೈಲರಿಗೂ ಕೀಬೋರ್ಡ್ ಹುಡುಗನಿಗೂ ಸ್ನೇಹವಾದದ್ದು. ಈಗ ಅವನು ಅಂಗಡಿಯಲ್ಲಿ ಕುಳಿತು ರಂಗಗೀತೆ ಕಲಿಯುತ್ತಾನೆ. ಸೋಬಾನೆ ಅಜ್ಜಿ ಜ್ವರದಿಂದ ಬಾಗಿಲು ತೆಗೆಯದೆ ಮಲಗಿದ್ದಾಗ, ಹಾಲಿನ ಪ್ಯಾಕೆಟ್ ಗೇಟಿನಲ್ಲೇ ನೇತಾಡುತ್ತಿದೆ ಎಂದು ಮೊದಲು ಗಮನಿಸಿ ಕಂಡಕ್ಟರನ್ನು ಕರೆದುಕೊಂಡು ಹೋದವನೂ ಅವನೇ. ಅದಕ್ಕೆ ಮುಂಚೆ ಆ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಆ ಹುಡುಗನಿಗೆ ಗೊತ್ತಿರಲಿಲ್ಲ.

ಪ್ರಶ್ನೆ: ಪಕ್ಕದ ಮನೆಯ ಹುಡುಗ ದಿನಾ ಡ್ರಮ್ಸ್ ಅಭ್ಯಾಸ ಮಾಡುತ್ತಾನೆ. ಮಗಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಿದೆ. ಸಂಗೀತ ಬೇಡ ಎನ್ನಲಾರೆ, ತಡೆದುಕೊಳ್ಳಲೂ ಆಗುತ್ತಿಲ್ಲ. ಪೊಲೀಸರಿಗೆ ಹೇಳಬಹುದೇ? (ಅರಸೀಕೆರೆ)

ಉತ್ತರ: ಅಮ್ಮ, ಕಾನೂನು ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವಾಗಲಿ ವಾದ್ಯವಾಗಲಿ ಬಳಸುವಂತಿಲ್ಲ. ವಾಸದ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಆದರೆ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಆ ಮನೆಯ ಮೆಟ್ಟಿಲು ಹತ್ತಿ. ಮಗಳ ಪರೀಕ್ಷೆಯ ವೇಳಾಪಟ್ಟಿಯ ಒಂದು ಪ್ರತಿ ಕೊಟ್ಟು, ‘ಕಂದಾ, ಇಷ್ಟು ದಿನ ಸಂಜೆ ಐದರಿಂದ ಆರೂವರೆ ಮಾತ್ರ ಬಾರಿಸ್ತೀಯಾ?’ ಎಂದು ಕೇಳಿ. ಉಳಿದ ಹೊತ್ತಿನಲ್ಲಿ ರಬ್ಬರ್ ಪ್ಯಾಡ್ ಮೇಲೆ ಕೈ ಸಾಧಿಸಬಹುದು, ಡ್ರಮ್ಸ್ ಕಲಿಯುವವರೆಲ್ಲ ಅದನ್ನು ಬಳಸುತ್ತಾರೆ. ಪರೀಕ್ಷೆ ಮುಗಿದ ದಿನ ಮಗಳನ್ನೂ ಕರೆದುಕೊಂಡು ಹೋಗಿ ಅವನು ಬಾರಿಸುವುದನ್ನು ಒಮ್ಮೆ ಎದುರಿಗೇ ಕುಳಿತು ಕೇಳಿ.

ಪ್ರಶ್ನೆ: ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಪಕ್ಕದ ಕಾಲೊನಿಯ ತಮಟೆ ತಂಡ ಕರೆಸೋಣ ಎಂದು ಹುಡುಗರು ಹೇಳಿದರು. ಹಿರಿಯರಿಬ್ಬರು, ‘ಮೆರವಣಿಗೆಗಾದರೆ ಸರಿ, ವೇದಿಕೆ ಮೇಲೆ ಬೇಡ’ ಎಂದರು. ಯಾರೂ ಎದುರಾಡಲಿಲ್ಲ. ಇದನ್ನು ಹೇಗೆ ಸರಿಪಡಿಸಲಿ? (ಚನ್ನರಾಯಪಟ್ಟಣ)

ಉತ್ತರ: ಆ ಹಿರಿಯರು ಬೇಡವೆಂದದ್ದು ತಮಟೆಯನ್ನಲ್ಲ, ಅದನ್ನು ಬಾರಿಸುವವರನ್ನು. ನಿಮಗೂ ಅದು ಗೊತ್ತಿದೆ, ಗೊತ್ತಿರುವುದರಿಂದಲೇ ಬರೆದಿದ್ದೀರಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ಅಳಿಸಿಹಾಕಿದೆ, ಬೀದಿಯ ವೇದಿಕೆಗೆ ಬೇರೆ ಸಂವಿಧಾನವಿಲ್ಲ. ಮುಂದಿನ ಸಭೆಯಲ್ಲಿ ಈ ಮಾತನ್ನು ಮೃದುವಾಗಿಯೇ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿ.

ತಮಟೆ ಸುಮ್ಮನೆ ಸದ್ದು ಎಂದುಕೊಂಡವರು ಅದನ್ನು ಹತ್ತಿರದಿಂದ ಕೇಳಿಲ್ಲ. ಒಂದು ಕೈಯಲ್ಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ, ನಾದ ಬಿಗಿಯಾಯಿತೇ ಎಂದು ಕಿವಿಗೊಟ್ಟು ನೋಡುತ್ತಾರೆ. ತಂಬೂರಿ ಶ್ರುತಿ ಮಾಡುವವರ ಮುಖದಲ್ಲಿ ಕಾಣುವ ಏಕಾಗ್ರತೆಯೇ ಅಲ್ಲೂ ಇರುತ್ತದೆ. ಮದುವೆಗೆ ಒಂದು ಬಡಿತ, ದೇವರ ಉತ್ಸವಕ್ಕೆ ಒಂದು, ಸಾವಿಗೆ ಇನ್ನೊಂದು. ಹತ್ತು ಜನ ಹೆಜ್ಜೆ ಹಾಕುತ್ತಲೇ ಕಾಲ ತಪ್ಪದೆ ಬಡಿಯುವುದನ್ನು ನಾನು ಮಕ್ಕಳಿಗೆ ಲಯದ ಪಾಠ ಮಾಡುವಾಗ ಕೇಳಿಸುತ್ತಿದ್ದೆ.

ನಿಮ್ಮ ಕೆಲಸ ಇಷ್ಟು. ನೀವು ಕೆಲವರು ಮೊದಲು ಆ ಕಾಲೊನಿಗೆ ಹೋಗಿ, ಅವರ ಅಂಗಳದಲ್ಲಿ ಕುಳಿತು, ಅವರು ಕೊಟ್ಟ ಕಾಫಿ ಕುಡಿದು ಕೇಳಿ ಬನ್ನಿ. ಆಮೇಲೆ ವೀಳ್ಯ ಕೊಟ್ಟು ಕರೆಯಿರಿ. ವೇದಿಕೆಯಲ್ಲಿ ನಾಡಗೀತೆ ಹಾಡುವವರಿಗೆ ಯಾವ ಕುರ್ಚಿಯೋ ಇವರಿಗೂ ಅದೇ ಕುರ್ಚಿ, ಸುಗಮ ಸಂಗೀತದವರಿಗೆ ಎಷ್ಟು ಸಂಭಾವನೆಯೋ ಇವರಿಗೂ ಅಷ್ಟೇ. ಊಟಕ್ಕೆ ಮೊದಲ ಪಂಕ್ತಿಯಲ್ಲೇ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಹಿರಿಯರಿಬ್ಬರು ಬಾರದಿದ್ದರೆ ಬಾರದಿರಲಿ, ಕಾರ್ಯಕ್ರಮ ಮಾತ್ರ ಬದಲಿಸಬೇಡಿ. ಅವರ ಮೊಮ್ಮಕ್ಕಳಂತೂ ಮುಂದಿನ ಸಾಲಿನಲ್ಲೇ ಇರುತ್ತಾರೆ.

ಪ್ರಶ್ನೆ: ನಾನು ಮೃದಂಗ ನುಡಿಸುತ್ತೇನೆ. ಡಿಗ್ರಿ ಮುಗಿದಿದೆ, ಬೆಳಿಗ್ಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದೇವಸ್ಥಾನ, ಸಂಘ, ಶಾಲೆ ಎಲ್ಲ ಕಡೆಯಿಂದ ಕರೆಯುತ್ತಾರೆ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ದುಡ್ಡು ಕೇಳಿದರೆ, ‘ನಮ್ಮೂರ ಹುಡುಗ ಅಲ್ವೇನಪ್ಪ ನೀನು’ ಎನ್ನುತ್ತಾರೆ. ಕೇಳುವುದು ತಪ್ಪೇ? (ಕೊಣನೂರು)

ಉತ್ತರ: ತಪ್ಪಲ್ಲ ಮಗು. ಕೇಳಲೇಬೇಕು. ನಮ್ಮೂರ ಹುಡುಗ ಎಂಬ ಪ್ರೀತಿ ಇದ್ದರೆ ಹೊರಗಿನವನಿಗೆ ಕೊಡುವುದಕ್ಕಿಂತ ಒಂದು ರೂಪಾಯಿ ಹೆಚ್ಚೇ ಕೊಡಬೇಕಲ್ಲ! ಆ ಮಾತನ್ನು ಬಿಟ್ಟಿ ಕೆಲಸಕ್ಕೆ ಬಳಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕೇಳುಗರಿಗೆ ನಿನ್ನ ಖರ್ಚು ಕಾಣುವುದಿಲ್ಲ, ನೀನೇ ಹೇಳಬೇಕು. ಬಲಗಡೆಯ ಮುಚ್ಚಿಗೆಯ ನಡುವಿನ ಕಪ್ಪು ಲೇಪ, ಆ ಕರಣೆ, ಸವೆದರೆ ಮತ್ತೆ ಹಾಕಿಸಬೇಕು, ಒಳ್ಳೆಯ ಕೆಲಸಗಾರ ಹತ್ತಿರದಲ್ಲಿ ಇಲ್ಲದಿದ್ದರೆ ಬೇರೆ ಊರಿಗೆ ಹೊತ್ತುಕೊಂಡು ಹೋಗಬೇಕು. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ. ಬಸ್ಸಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡೇ ಬರಬೇಕು. ಒಂದು ಸಂಜೆಯ ಕಚೇರಿಗೆ ಅರ್ಧ ದಿನದ ಅಂಗಡಿ ಸಂಬಳ ಹೋಗುತ್ತದೆ. ಇಷ್ಟನ್ನೂ ಲೆಕ್ಕ ಹಾಕಿ ನಿನ್ನ ಸಂಭಾವನೆ ಇಂತಿಷ್ಟು ಎಂದು ಗೊತ್ತುಮಾಡಿಕೋ. ಕರೆ ಬಂದಾಗ ಬಸ್ ಚಾರ್ಜು ಬೇರೆ ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಅವರು ಒಪ್ಪಿದ ಉತ್ತರ ಬಂದ ಮೇಲೆ ಹೊರಡು. ಶಾಲು ಕೊಟ್ಟರೆ ಸಂತೋಷದಿಂದ ತೆಗೆದುಕೋ, ಆದರೆ ಅದು ಸಂಭಾವನೆಯ ಲೆಕ್ಕಕ್ಕೆ ಬರುವುದಿಲ್ಲ.

ದುಡ್ಡು ಕೇಳಬಾರದ ಕಡೆಗಳೂ ಇವೆ, ಅವು ನಿನಗೇ ಗೊತ್ತಿರುತ್ತವೆ. ನಿನ್ನ ಬೀದಿಯಲ್ಲಿ ಸಾವಾದಾಗ ರಾತ್ರಿಯಿಡೀ ನಡೆಯುವ ಭಜನೆಗೆ ಕೂರು. ಗುರುಗಳ ಮನೆಯ ಆರಾಧನೆಗೆ ನುಡಿಸು. ಧನುರ್ಮಾಸದ ಬೆಳಗಿನ ಭಜನೆಗೆ ಪುಟ್ಟ ಮಕ್ಕಳು ಕರೆದರೆ ಹೋಗು. ಅಲ್ಲಿ ನುಡಿಸುವವನೂ ಹಾಡುವವನೂ ಕೇಳುವವನೂ ಒಂದೇ ಮನೆಯವರು, ಯಾರೂ ಟೆಂಟಿನವನಿಗೆ, ಸೌಂಡ್ ಸಿಸ್ಟಮ್‌ನವನಿಗೆ ದುಡ್ಡು ಎಣಿಸುತ್ತಿರುವುದಿಲ್ಲ. ಎಲ್ಲಿ ಟೆಂಟಿಗೆ, ಲೈಟಿಗೆ, ಊಟಕ್ಕೆ, ಬ್ಯಾನರಿಗೆ ದುಡ್ಡು ಇದೆಯೋ ಅಲ್ಲಿ ಮೃದಂಗಕ್ಕೂ ಇರಲೇಬೇಕು. ಇದೊಂದನ್ನು ಅಳತೆಗೋಲಾಗಿ ಇಟ್ಟುಕೋ, ನಿನಗೆ ಮುಜುಗರವಾಗುವುದಿಲ್ಲ.

ಇನ್ನೆರಡು ಕೆಲಸ ಮಾಡು. ಆಕಾಶವಾಣಿಯ ಆಡಿಷನ್ ಯಾವಾಗ ಎಂದು ಹಾಸನ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಹಾಕು. ಬಿ ಗ್ರೇಡ್ ಸಿಕ್ಕರೂ ಸಾಕು, ಊರಿನ ಸಂಘಗಳವರು ಮಾತಾಡಿಸುವ ರೀತಿಯೇ ಬದಲಾಗುತ್ತದೆ. ಹಾಗೆಯೇ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಪ್ರಾಯೋಜಿತ ಕಾರ್ಯಕ್ರಮಗಳಿಗೆ ಅರ್ಜಿ ಹೇಗೆ ಎಂದು ಕೇಳಿಕೊಂಡು ಬಾ. ಹೋದ ಕಡೆಯಲ್ಲೆಲ್ಲ ಕಾರ್ಯಕ್ರಮದ ಕರಪತ್ರ, ಫೋಟೋ, ಪತ್ರಿಕೆಯ ತುಣುಕು ಜೋಪಾನ ಮಾಡು. ಇಂಥ ಅರ್ಜಿಗಳಿಗೆ ಅವೇ ದಾಖಲೆ.

ನಮ್ಮ ಬೀದಿಯ ಪಿಟೀಲು ಹುಡುಗಿ ಆಷಾಢದ ಎರಡನೇ ಭಾನುವಾರ ಮೊದಲ ಸಲ ಪೂರ್ತಿ ಕಚೇರಿ ಕೊಡುತ್ತಿದ್ದಾಳೆ. ಅವಳಿಗೆ ಪಕ್ಕವಾದ್ಯಕ್ಕೆ ಮೃದಂಗದವರು ಬೇಕು. ಸಂಭಾವನೆ 1,500, ಬಸ್ ಚಾರ್ಜು ಬೇರೆ, ಅವಳ ಜೊತೆ ಒಮ್ಮೆ ಅಭ್ಯಾಸಕ್ಕೆ ಬರುವ ಖರ್ಚೂ ನಮ್ಮದೇ. ಒಪ್ಪಿಗೆಯಿದ್ದರೆ ನಿನ್ನ ಮನೆಯ ವಿಳಾಸವನ್ನು ಪತ್ರಿಕೆಯ ಕಚೇರಿಗೆ ಬರೆದು ಕಳಿಸು, ವೀಳ್ಯ ತೆಗೆದುಕೊಂಡು ಹಾರ್ಮೋನಿಯಂ ಮೇಷ್ಟ್ರೂ ನಾನೂ ಕೊಣನೂರಿಗೆ ಬರುತ್ತೇವೆ.